ಪ್ರೊಬೇಷನ್ ಮೇಲಿದ್ದ ಬಾರ್ಬೆಕ್ಯೂ

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಮಂದಿ ಒಂದು ಸಾಮಾನು ಕೊಳ್ಳುತ್ತಾರೆ, ಮನೆಗೆ ತರುತ್ತಾರೆ, ಬಳಸುತ್ತಾರೆ. ನಾನು ಕೊಂಡರೆ ಮಾತ್ರ ಅದರ ಸುತ್ತ ಪಂಚಾಯ್ತಿ ಕೂಡುತ್ತದೆ.

ನಾನು ಶಹಾಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ತಿಂಗಳಿಗೊಮ್ಮೆ ಶನಿವಾರ ಸಂಜೆ ಇಬ್ಬರು ಗೆಳೆಯರ ಜೊತೆ ಊರು ಬಿಟ್ಟು, ಎಲ್ಲಾದರೂ ನೀರಿನ ದಂಡೆಗೋ ಗುಡ್ಡದ ಬುಡಕ್ಕೋ ಡೇರೆ ಹಾಕಿ, ಭಾನುವಾರ ಸಂಜೆ ತಿರುಗಿ ಬರುತ್ತೇನೆ. ಗೆಳೆಯರಲ್ಲಿ ಒಬ್ಬರು ಪ್ರಾಥಮಿಕ ಶಾಲೆಯ ಮಾಸ್ತರು, ಶುದ್ಧ ಶಾಕಾಹಾರಿ. ಇನ್ನೊಬ್ಬರು ನಮ್ಮಿಬ್ಬರಿಗಿಂತ ಹಿರಿಯರು, ಒಂದು ಹಳೆಯ ಜೀಪಿನ ಮಾಲೀಕರು, ಊರೆಲ್ಲ ಅವರನ್ನು ಚಾಚಾ ಅನ್ನುತ್ತದೆ. ನಾವು ಇದನ್ನು ಕ್ಯಾಂಪಿಂಗ್ ಅನ್ನುತ್ತೇವೆ. ನನ್ನ ಹೆಂಡತಿ "ಮನಿ ಇದ್ದೂ ಬಯಲಾಗ ಬೀಳೋದು" ಅನ್ನುತ್ತಾಳೆ. ಏನೇ ಅನ್ನಲಿ, ಆ ಒಂದು ದಿನ ಇಲ್ಲದಿದ್ದರೆ ಉಳಿದ ದಿನಗಳಲ್ಲಿ ನಾನು ಕಚೇರಿಯ ಕಪಾಟುಗಳ ಜೊತೆ ಇನ್ನೊಂದು ಕಪಾಟಾಗಿ ನಿಂತುಬಿಡುತ್ತಿದ್ದೆ. ಅದು ನನ್ನ ಜೀವದ ಮಾತು, ತಮಾಷೆಯಲ್ಲ.

ಕ್ಯಾಂಪಿಂಗಿನಲ್ಲಿ ನಮಗಿದ್ದ ಕೊರತೆ ಒಂದೇ. ಮನೆಯಿಂದ ಕಟ್ಟಿಕೊಂಡು ಹೋದ ಜೋಳದ ರೊಟ್ಟಿ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹಲ್ಲಿಗೆ ಸವಾಲು ಹಾಕುತ್ತಿತ್ತು. ಒಂದು ದಿನ ಫೋನಿನಲ್ಲಿ ಯಾವನೋ ಒಬ್ಬ ಕೆರೆಯ ಪಕ್ಕ ಕುರ್ಚಿ ಹಾಕಿ ಕೂತು, ಸೂಟ್‌ಕೇಸಿನಷ್ಟು ದೊಡ್ಡ ಗ್ಯಾಸ್ ಬಾರ್ಬೆಕ್ಯೂ ಮೇಲೆ ಏನೇನೋ ಸುಟ್ಟು ತಿನ್ನುವುದನ್ನು ನೋಡಿದೆ. ಅವನ ಮುಖದಲ್ಲಿದ್ದ ಸುಖ ನನಗೂ ಬೇಕೆನಿಸಿತು. ಆರ್ಡರ್ ಮಾಡಿಬಿಟ್ಟೆ.

ಆವಕ ಸಂಖ್ಯೆ ಬಿತ್ತು

ಹೆಂಡತಿಗೆ ಮೊದಲೇ ಗೊತ್ತಾಗುವುದು ಬೇಡವೆಂದು ಕಚೇರಿಯ ವಿಳಾಸ ಕೊಟ್ಟಿದ್ದೆ. ಅದು ನನ್ನ ಮೊದಲ ತಪ್ಪು.

ಪೆಟ್ಟಿಗೆ ಬಂದ ದಿನ ನಾನು ಮೀಟಿಂಗಿಗೆಂದು ಯಾದಗಿರಿಗೆ ಹೋಗಿದ್ದೆ. ಕೊರಿಯರ್‌ನವನು ಅದನ್ನು ನಮ್ಮ ಟಪಾಲು ಗುಮಾಸ್ತರ ಮೇಜಿನ ಮೇಲಿಟ್ಟು ಹೋದ. ಈ ಟಪಾಲು ಗುಮಾಸ್ತರದ್ದು ಒಂದೇ ನಿಯಮ. ಕಚೇರಿಯ ಬಾಗಿಲು ದಾಟಿ ಒಳಗೆ ಬಂದದ್ದೆಲ್ಲ ಟಪಾಲು. ಹಿಂದೊಮ್ಮೆ ಸಾಹೇಬರ ಮಗಳ ಮದುವೆ ಕಾರ್ಡಿಗೂ ಸಿಕ್ಕಾ ಹೊಡೆದು, ಸಾಹೇಬರಿಗೇ ಕ್ರಮಕ್ಕಾಗಿ ಕಳಿಸಿದ್ದವರು. ಅವರು ಬಾರ್ಬೆಕ್ಯೂವಿನ ಪೆಟ್ಟಿಗೆಗೆ ಸಿಕ್ಕಾ ಹೊಡೆದರು, ಆವಕ ವಹಿಯಲ್ಲಿ ನಂಬರು ಹಾಕಿದರು, ಸಾಹೇಬರ ಕೋಣೆಗೆ ಕಳಿಸಿದರು. ಸಾಹೇಬರು ಯಾವುದನ್ನೂ ತಲೆ ಎತ್ತಿ ನೋಡುವವರಲ್ಲ. ಪೆಟ್ಟಿಗೆಯ ಮೂಲೆಯ ಮೇಲೆ ಹಸಿರು ಶಾಯಿಯಲ್ಲಿ "ಪರಿಶೀಲಿಸಿ ಮಂಡಿಸಿ" ಎಂದು ಬರೆದು ಸಹಿ ಮಾಡಿದರು.

ಮರುದಿನ ನಾನು ಬಂದಾಗ ಪೆಟ್ಟಿಗೆ ರೆಕಾರ್ಡ್ ರೂಮಿನಲ್ಲಿತ್ತು.

"ಅದು ನಂದ್ರಿ," ಅಂದೆ.

"ನಿಮ್ಮದು ಅಂಬೋದಕ್ಕ ದಾಖಲಿ ಏನದ?" ಅಂದರು ಟಪಾಲು ಗುಮಾಸ್ತರು.

"ಮ್ಯಾಲ ನನ್ನ ಹೆಸರು ಅದ ನೋಡ್ರಿ."

"ಹೆಸರು ಎಲ್ಲಾ ಅರ್ಜಿ ಮ್ಯಾಲೂ ಇರ್ತದ. ಹೆಸರು ಅದ ಅಂತ ಮಂದಿ ಅರ್ಜಿ ತಿರುಗಿ ಮನಿಗಿ ಒಯ್ತಾರೇನು?"

ವಾದದಲ್ಲಿ ಹುರುಳಿತ್ತು. ನನ್ನ ಬಾರ್ಬೆಕ್ಯೂ ನನಗೆ ಕೊಡಿಸಬೇಕೆಂದು ಸಾಹೇಬರಿಗೆ ಅರ್ಜಿ ಬರೆದೆ. ಅರ್ಜಿಗೂ ನಂಬರು ಬಿತ್ತು. ಅದು ಸಾಹೇಬರ ಬಳಿ ಹೋಗಿ, ಇತರೆ ವಿಷಯಗಳನ್ನು ನೋಡುವ ಗುಮಾಸ್ತನ ಮೇಜಿಗೆ ಇಳಿಯಿತು. ಆ ಗುಮಾಸ್ತ ನಾನೇ.

ಅಂದು ಮೇಜಿನ ಮೇಲೆ ನಲವತ್ತು ಅರ್ಜಿ ಇದ್ದವು. ಸರಸರ ಟಿಪ್ಪಣಿ ಬರೆದು ಮುಗಿಸಿ ಚಹಾಕ್ಕೆ ಹೋದೆ. ಎಂಟು ದಿನವಾದರೂ ಪೆಟ್ಟಿಗೆ ಬರಲಿಲ್ಲ. ಸಿಟ್ಟು ನೆತ್ತಿಗೇರಿ, "ಯಾವ ಮೂರ್ಖ ನನ್ನ ಫೈಲು ಹಿಡಿದು ಕುಂತಾನ?" ಎಂದು ಎಲ್ಲರೆದುರು ಕೂಗಾಡಿದೆ. ಟಪಾಲು ಗುಮಾಸ್ತರು ತಣ್ಣಗೆ ಫೈಲು ತೆಗೆದು ತೋರಿಸಿದರು. ನನ್ನ ಅರ್ಜಿಯ ಕೆಳಗೆ, ನನ್ನದೇ ಕೈಬರಹದಲ್ಲಿ, ನನ್ನದೇ ಸಹಿಯೊಂದಿಗೆ ಬರೆದಿತ್ತು: "ಅರ್ಜಿದಾರರು ಪೂರಕ ದಾಖಲೆ ಸಲ್ಲಿಸಿಲ್ಲ. ಸಲ್ಲಿಸುವವರೆಗೆ ಕಾಯಬಹುದು."

ಮನೆಯ ಆದೇಶ

ಬಿಲ್ಲಿನ ನಕಲು ಲಗತ್ತಿಸಿದ ಮೇಲೆ ಕೊನೆಗೂ ಪೆಟ್ಟಿಗೆ ಮನೆಗೆ ಬಂತು. ಹೆಂಡತಿ ಅದನ್ನು ಸುತ್ತು ಹಾಕಿ ನೋಡಿದಳು. ಮುಚ್ಚಳ ತೆಗೆದಳು, ಹಾಕಿದಳು. ಮಡಚುವ ಕಾಲುಗಳನ್ನು ಬಿಡಿಸಿ ನಿಲ್ಲಿಸಿದಳು. ಸಿಲಿಂಡರಿಗೆ ಹೋಗುವ ಕಪ್ಪು ಪೈಪನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಳು.

"ನಮ್ಮ ಮನ್ಯಾಗ ಗ್ಯಾಸ್ ಇಲ್ಲೇನ್ರಿ?"

"ಇದು ಕ್ಯಾಂಪಿಂಗಿಗೆ. ಇದಿಲ್ಲದ ಕ್ಯಾಂಪಿಂಗ್ ಕ್ಯಾಂಪಿಂಗೇ ಅಲ್ಲ."

ಈ ಎರಡನೆಯ ವಾಕ್ಯ ನನ್ನ ಎರಡನೆಯ ತಪ್ಪು. ಅವಳು ಅದನ್ನು ಹಾಗೆಯೇ ಹಿಡಿದುಕೊಂಡಳು.

"ಹಂಗಾದ್ರ ಕೇಳ್ರಿ. ಈಗ ಯುಗಾದಿ ಆಗ್ಯದ. ಎಳ್ಳಮಾಸಿ ತನಕ ಟೈಮ್ ಕೊಡ್ತೀನಿ. ಅಷ್ಟರೊಳಗ ಇದರ ಮ್ಯಾಲ ಮಾಡಿದ ಒಂದೇ ಒಂದು ಊಟ ಹೊಟ್ಟಿ ತುಂಬ ಉಂಡು ಬರ್ರಿ, ಸಾಕು. ಇಲ್ಲಂದ್ರ ಈ ಡಬ್ಬಿ ಗುಜರಿ ಗಾಡಿಗಿ ಹೋಗ್ತದ, ನಿಮ್ಮ ಕ್ಯಾಂಪಿಂಗೂ ಅದರ ಹಿಂದಿಂದೇ ಹೋಗ್ತದ."

"ಕ್ಯಾಂಪಿಂಗ್ ಏನು ತಪ್ಪು ಮಾಡ್ಯದ?"

"ಇದಿಲ್ಲದಿದ್ರ ಕ್ಯಾಂಪಿಂಗೇ ಅಲ್ಲ ಅಂದವರು ನೀವೇ ಅಲ್ರಿ?"

ಇಪ್ಪತ್ತೆರಡು ವರ್ಷ ಸರಕಾರಿ ಆದೇಶ ಓದಿದವನು ನಾನು. ಇಷ್ಟು ಸಂದಿಯಿಲ್ಲದ ಆದೇಶ ಒಂದನ್ನೂ ಓದಿರಲಿಲ್ಲ. ಒಂಬತ್ತು ತಿಂಗಳ ಪ್ರೊಬೇಷನ್ ಅಂದುಕೊಂಡೆ. ಆಮೇಲೆ ತಿಳಿಯಿತು, ಪ್ರೊಬೇಷನ್ ಮೇಲಿದ್ದದ್ದು ಬಾರ್ಬೆಕ್ಯೂ ಒಂದೇ ಅಲ್ಲ.

ಡಬ್ಬಿಗೆ ಜ್ವರ

ಮೊದಲ ಪ್ರಯೋಗ ಮೇ ತಿಂಗಳಲ್ಲಿ, ಸುರಪುರದ ಗುಡ್ಡದ ಬುಡದಲ್ಲಿ. ಮೇ ತಿಂಗಳಲ್ಲಿ ಸುರಪುರಕ್ಕೆ ಒಲೆ ಒಯ್ದವರು ನಮ್ಮ ಹೊರತು ಇನ್ನಾರೂ ಇರಲಿಕ್ಕಿಲ್ಲ. ಬೆಳಿಗ್ಗೆ ಹತ್ತಕ್ಕೇ ಬಂಡೆಗಳ ಮೇಲೆ ಕಾಲಿಡಲು ಆಗುತ್ತಿರಲಿಲ್ಲ.

ಮಾಸ್ತರರಿಗೆ ಒಂದು ಅಭ್ಯಾಸ. ಅಕ್ಷರ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ಅಂಗಡಿಯ ಬೋರ್ಡು, ಲಾರಿಯ ಹಿಂಭಾಗ, ಔಷಧದ ಚೀಟಿ, ಯಾವುದನ್ನೂ ಬಿಡುವುದಿಲ್ಲ. ಗ್ಯಾಸಿನ ಸಣ್ಣ ಸಿಲಿಂಡರನ್ನು ಕೈಗೆತ್ತಿಕೊಂಡು ಅದರ ಮೇಲಿದ್ದ ಸೂಚನೆಗಳನ್ನು ಕನ್ನಡಕ್ಕೆ ತಿರುಗಿಸುತ್ತ ಓದಿದರು. "ಐವತ್ತು ಡಿಗ್ರಿಗಿಂತ ಹೆಚ್ಚು ಬಿಸಿ ಇರೋ ಕಡಿ ಇಡಬ್ಯಾಡ್ರಿ. ಸಿಡೀಬಹುದು."

ಮೂವರೂ ತಿರುಗಿ ಜೀಪನ್ನು ನೋಡಿದೆವು. ಸಿಲಿಂಡರು ಬೆಳಗಿನಿಂದ ಅದರೊಳಗೇ ಇತ್ತು.

"ನನ್ನ ಗಾಡ್ಯಾಗ ಈಗ ಎಷ್ಟು ಡಿಗ್ರಿ ಇರಬಹುದು?" ಅಂದರು ಚಾಚಾ.

"ಕೈ ಇಟ್ಟು ನೋಡ್ರಿ," ಅಂದರು ಮಾಸ್ತರು.

ಚಾಚಾ ಜೀಪಿನ ತಗಡಿಗೆ ಕೈ ಇಟ್ಟು, ತೆಗೆದು, ಉರ್ದುವಿನಲ್ಲಿ ಒಂದು ಮಾತು ಹೇಳಿದರು. ಅದನ್ನು ಮಾಸ್ತರು ಕನ್ನಡಕ್ಕೆ ತಿರುಗಿಸಲಿಲ್ಲ.

ಅಲ್ಲಿಂದ ಶುರುವಾಯಿತು ಸಿಲಿಂಡರಿನ ಸೇವೆ. ಸುತ್ತಲಿದ್ದದ್ದು ಒಂದೇ ಬೇವಿನ ಗಿಡ, ಅದರ ನೆರಳು ಒಬ್ಬರು ಕೂಡುವಷ್ಟು. "ಡಬ್ಬಿ ಕೂಡ್ಲಿ. ನಾವು ಸಿಡಿಯಂಗಿಲ್ಲ," ಎಂದು ಮಾಸ್ತರು ತೀರ್ಮಾನಿಸಿದರು. ಚಾಚಾನ ಟವೆಲನ್ನು ನೀರಲ್ಲಿ ಅದ್ದಿ ಸಿಲಿಂಡರಿಗೆ ಸುತ್ತಿದೆವು. ಐದು ನಿಮಿಷಕ್ಕೆ ಟವೆಲು ಒಣಗಿ ಕಟಕಟ ಅನ್ನತೊಡಗಿತು. ಮತ್ತೆ ನೀರು ಹಾಕಿದೆವು. ನೆರಳು ಸರಿದಂತೆ ಡಬ್ಬಿಯನ್ನೂ ಸರಿಸಿದೆವು. ಮಧ್ಯಾಹ್ನ ನೆರಳು ಪೂರ್ತಿ ಗಿಡದ ಬುಡಕ್ಕೆ ಸೇರಿಕೊಂಡ ಮೇಲೆ ಛತ್ರಿ ಬಿಚ್ಚಿ ಸರದಿಯಂತೆ ಅರ್ಧರ್ಧ ತಾಸು ಹಿಡಿದು ನಿಂತೆವು. ಕುಡಿಯಲು ತಂದ ನೀರೆಲ್ಲ ಟವೆಲಿಗೇ ಹೋಯಿತು. ಒಲೆ ಹಚ್ಚುವ ಮಾತು ಯಾರೂ ಎತ್ತಲಿಲ್ಲ. ಹಚ್ಚಿದರೆ ಇನ್ನಷ್ಟು ಬಿಸಿಯಾಗುತ್ತದಲ್ಲ.

ಅಷ್ಟರಲ್ಲಿ ಕಟ್ಟಿಗೆಯ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ಆ ದಾರಿಯಲ್ಲಿ ಬಂದಳು. ಗಿಡದ ಬುಡದಲ್ಲಿ ಒದ್ದೆ ಬಟ್ಟೆ ಸುತ್ತಿದ ಸಣ್ಣ ಗಂಟು, ಅದರ ಮೇಲೆ ಛತ್ರಿ ಹಿಡಿದು ನಿಂತ ಮಾಸ್ತರು, ಪಕ್ಕದಲ್ಲಿ ತಲೆಗೆ ಕೈಹಚ್ಚಿ ಕೂತ ನಾನು. ಅವಳು ಹೊರೆ ಇಳಿಸಿ ಕೇಳಿದಳು:

"ಅಯ್ಯ ಯಪ್ಪಾ, ಕೂಸಿಗಿ ಜ್ವರ ಭಾಳ ಬಂದಾವೇನ್ರಿ?"

ಚಾಚಾ ಮುಖ ಬಾಡಿಸಿಕೊಂಡು ಉತ್ತರ ಕೊಟ್ಟರು. "ಹೌದಮ್ಮ. ಐವತ್ತು ದಾಟಿದ್ರ ಕೂಸೂ ಉಳಿಯಂಗಿಲ್ಲ, ನಾವೂ ಉಳಿಯಂಗಿಲ್ಲ."

ಗಾಳಿಗೆ ಅಡ್ಡ

ಆಷಾಢದಲ್ಲಿ ನಾರಾಯಣಪುರದ ಹಿನ್ನೀರಿನ ದಂಡೆಗೆ ಹೋದೆವು. ಅಲ್ಲಿ ಬಿಸಿಲಿಲ್ಲ, ಸಿಲಿಂಡರು ಆರಾಮಾಗಿತ್ತು. ಆದರೆ ಗಾಳಿ. ಆಷಾಢದ ಗಾಳಿ ನೀರಿನ ಮೇಲಿಂದ ಎದ್ದು ಬಂದು ಮಾಸ್ತರರ ಟೋಪಿಯನ್ನು ಮೊದಲ ಹತ್ತು ನಿಮಿಷದಲ್ಲೇ ಒಯ್ದಿತು. ಟೋಪಿ ಆಮೇಲೆ ಸಿಗಲಿಲ್ಲ.

ಬಾರ್ಬೆಕ್ಯೂವಿನ ಗುಂಡಿ ಒತ್ತಿದರೆ ಟಕ್ ಅನ್ನುತ್ತದೆ, ಉರಿ ಹೊತ್ತುತ್ತದೆ, ಗಾಳಿ ಉಫ್ ಅನ್ನುತ್ತದೆ, ಉರಿ ಆರುತ್ತದೆ. ನಲವತ್ತು ಸಲ ಟಕ್, ನಲವತ್ತು ಸಲ ಉಫ್. ನಾನು ಅಡ್ಡ ನಿಂತೆ. ಗಾಳಿ ನನ್ನ ಕಾಲ ಸಂದಿಯಿಂದ ಬಂತು. ಚಾದರ ಹಿಡಿದೆವು. ಚಾದರ ನಮ್ಮನ್ನೇ ಎಳೆದುಕೊಂಡು ನೀರಿನ ಕಡೆ ನಡೆಯಿತು.

"ಗೋಡಿ ಕಟ್ಟಬೇಕು ಭಾಯಿ," ಅಂದರು ಚಾಚಾ.

ಕಲ್ಲು ಆರಿಸಿ ತಂದೆವು. ಮೊದಲು ಗಾಳಿ ಬರುವ ಕಡೆ ಒಂದು ಸಾಲು ಇಟ್ಟೆವು. ಪಕ್ಕದ ಮೂಲೆಯಿಂದ ಗಾಳಿ ನುಗ್ಗಿತು. ಅಲ್ಲೂ ಒಂದು ಸಾಲು, ಎದುರಿಗೂ ಒಂದು ಸಾಲು. ಸಂದಿಗಳಿಗೆ ಕೆಸರು ಮೆತ್ತಿದೆವು. ಎತ್ತರ ಸಾಲದೆಂದು ಇನ್ನೆರಡು ವರಸೆ ಏರಿಸಿದೆವು. ಮಾಸ್ತರು ದಾರ ಹಿಡಿದು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಿದರು. ಎರಡು ತಾಸು ದುಡಿದು, ಬಾರ್ಬೆಕ್ಯೂವನ್ನು ನಡುವೆ ಇಟ್ಟು, ಬೆವರು ಒರೆಸಿಕೊಂಡು ನಿಂತೆವು. ಇನ್ನು ಗುಂಡಿ ಒತ್ತುವುದೊಂದೇ ಬಾಕಿ.

ಆಗ ಕುರಿ ಕಾಯುವ ಹಿರಿಯರೊಬ್ಬರು ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ. ನಮ್ಮ ಕಟ್ಟಡವನ್ನು ಮೂರೂ ಕಡೆಯಿಂದ ನೋಡಿ, ಕೂತು ಕೆಸರು ಒಣಗಿದೆಯೋ ಎಂದು ಬೆರಳು ಹಚ್ಚಿ, ಮನಸಾರೆ ಮೆಚ್ಚಿಕೊಂಡರು.

"ಒಲಿ ಭಾರಿ ಛಲೋ ಕಟ್ಟೀರಿ ಬಿಡ್ರಿ. ಪ್ಯಾಟಿ ಮಂದಿಗಿ ಇಂಥ ಒಲಿ ಕಟ್ಟಾಕ ಬರ್ತೈತಿ ಅಂತ ಗೊತ್ತಿರಲಿಲ್ಲ," ಅಂದರು. ಆಮೇಲೆ ಬಡಿಗೆಯಿಂದ ಬಾರ್ಬೆಕ್ಯೂವನ್ನು ಮೆಲ್ಲಗೆ ತಟ್ಟಿ, "ಆದ್ರ ನಡುವ ಈ ಡಬ್ಬಿ ಯಾಕ ಇಟ್ಟೀರಿ? ತಗೀರಿ. ಕಟ್ಟಿಗಿ ಹಿಡ್ಯಂಗಿಲ್ಲ."

ಹೊಗೆಗೆ ಗಡಿ

ಆ ಗೋಡೆಯೊಳಗೂ ಗಾಳಿ ಮೇಲಿನಿಂದ ಇಳಿದು ಉರಿ ಆರಿಸಿತ್ತು. ಹೀಗೆ ಎರಡು ಸಲ ಉಪವಾಸ ಬಂದಿದ್ದೆ. ಎರಡು ಸಲವೂ ಹೆಂಡತಿ ಬಾಗಿಲಲ್ಲೇ ನಿಂತು "ಉಂಡ್ರಿ?" ಎಂದು ಕೇಳಿದ್ದಳು. ಎರಡು ಸಲವೂ ನಾನು ಚಪ್ಪಲಿ ನೋಡಿದ್ದೆ. ಮುಂದಿನ ಎರಡು ತಿಂಗಳು ಮಳೆ ಊರು ಬಿಡಲು ಬಿಡಲಿಲ್ಲ. ದಸರಾ ಮುಗಿಯಿತು. ಮನಸ್ಸಿಗೆ ದಿಗಿಲು ಹತ್ತಿತು. ಈ ಸಲ ಬಿಸಿಲು, ಗಾಳಿ ಎರಡೂ ಇಲ್ಲದ ಜಾಗವೆಂದು ಶಹಾಪುರದ ಬೆಟ್ಟದ ಮರೆಯ ಒಂದು ಕೆರೆಯ ದಂಡೆ ಹಿಡಿದೆವು.

ಉರಿ ಮೊದಲ ಸಲಕ್ಕೇ ಹೊತ್ತಿತು. ಮೂವರೂ ಚಪ್ಪಾಳೆ ಹೊಡೆದೆವು. ಚಾಚಾ ಮನೆಯಿಂದ ಮಸಾಲೆ ಹಚ್ಚಿ ತಂದ ಕೋಳಿಯ ತುಂಡುಗಳನ್ನು ಜಾಳಿಗೆಯ ಮೇಲೆ ಇಟ್ಟೇಬಿಟ್ಟರು. ಆಗ ಮಾಸ್ತರು ತಮ್ಮ ಚೀಲದಿಂದ ಬದನೆಕಾಯಿ ತೆಗೆದು ಕೇಳಿದರು. "ಇದನ್ನ ಎಲ್ಲಿ ಇಡ್ಲಿ?"

ಅಷ್ಟು ಹೊತ್ತಿನ ತನಕ ಈ ಪ್ರಶ್ನೆ ಯಾರ ತಲೆಗೂ ಹೊಳೆದಿರಲಿಲ್ಲ. ನಾನು ಎರಡೂ ಕಡೆಯವನು, ನನಗೆ ಯಾವುದಾದರೂ ನಡೆಯುತ್ತದೆ. ಮಾತುಕತೆ ನಡೆದು, ನಡುವೆ ಅಲ್ಯೂಮಿನಿಯಂ ಹಾಳೆ ನಿಲ್ಲಿಸಿ ಬಲಗಡೆ ಬದನೆಕಾಯಿ, ಎಡಗಡೆ ಕೋಳಿ ಎಂದು ಗಡಿ ಹಾಕಿದೆವು. ಐದು ನಿಮಿಷ ಶಾಂತಿ ಇತ್ತು.

"ಹೊಗಿ ಗಡಿ ದಾಟಿ ಬರಾಕತ್ಯದ," ಅಂದರು ಮಾಸ್ತರು.

"ಹೊಗಿ ತಿಂತೀರೇನು ನೀವು?" ಅಂದರು ಚಾಚಾ.

"ಮೂಗಿನಾಗ ಹೋದ್ರೂ ಒಳಗೇ ಹೋತದಲ್ರಿ?"

ಬಾರ್ಬೆಕ್ಯೂವನ್ನು ತಿರುಗಿಸಿದೆವು. ಹೊಗೆಯೂ ತಿರುಗಿತು. ಮತ್ತೆ ತಿರುಗಿಸಿದೆವು. ಹೀಗೆ ನಾಲ್ಕು ಸುತ್ತು ಹಾಕುವಷ್ಟರಲ್ಲಿ ಪೈಪು ಅದರ ಕಾಲಿಗೆ ಬಳ್ಳಿಯಂತೆ ಸುತ್ತಿಕೊಂಡು ಉರಿ ಆರಿತು. ಮಾಸ್ತರು ಶಾಲೆಯಲ್ಲಿ ಜಗಳ ಬಿಡಿಸುವ ದನಿಯಲ್ಲಿ ಹೊಸ ಉಪಾಯ ಹೇಳಿದರು. ಮೊದಲ ಪಿರಿಯಡ್ ಬದನೆಕಾಯಿ, ಎರಡನೇ ಪಿರಿಯಡ್ ಕೋಳಿ.

"ಆದ್ರ ಕೋಳಿ ಆಗಲೇ ಕುಂತಿತ್ತಲ್ಲ ಭಾಯಿ," ಅಂದರು ಚಾಚಾ.

"ತೊಳದ್ರ ಆತು."

ಜಾಳಿಗೆ ತೊಳೆದರೆ ಸಾಕಿತ್ತು. ಮಾಸ್ತರರಿಗೆ ಸಮಾಧಾನವಾಗಲಿಲ್ಲ, ಎಣ್ಣೆ ಕೆಳಗೂ ಇಳಿದಿದೆ ಅಂದರು. ಚಾಚಾ ಗೆಳೆತನಕ್ಕೆ ಪ್ರಾಣ ಕೊಡುವ ಮನುಷ್ಯ. ಸಿಲಿಂಡರು ಬಿಚ್ಚಿಟ್ಟು, ಇಡೀ ಬಾರ್ಬೆಕ್ಯೂವನ್ನು ಎರಡೂ ಕೈಯಲ್ಲಿ ಎತ್ತಿ, ನಾನು "ನಕ್ಕೋ ಚಾಚಾ, ಬ್ಯಾಡ, ನಕ್ಕೋ" ಎಂದು ಕೂಗುತ್ತಿರುವಾಗಲೇ ಕೆರೆಯಲ್ಲಿ ಮೂರು ಸಲ ಮುಳುಗಿಸಿ ತೆಗೆದರು. ಬರ್ನರಿನ ಒಂದೊಂದು ತೂತಿನಿಂದಲೂ ನೀರು ಸುರಿಯಿತು. ಆಮೇಲೆ ಎಷ್ಟು ಟಕ್ ಅನಿಸಿದರೂ ಉರಿ ಬರಲಿಲ್ಲ.

ಮಾಸ್ತರು ತೃಪ್ತಿಯಿಂದ, "ಈಗ ಪೂರ್ತಿ ಶುದ್ಧ ಆತು ನೋಡ್ರಿ," ಅಂದರು.

ಚಾಚಾ ನೀರಿಳಿಯುವ ತೋಳು ಹಿಂಡಿಕೊಳ್ಳುತ್ತ ಅಂದರು: "ಪೂರ್ತಿ. ಮಡಿ ಉಟ್ಟದ, ಇವತ್ತು ಉಪವಾಸನೂ ಮಾಡಾಕತ್ಯದ."

ಎಳ್ಳಮಾಸಿ

ಒಲೆ ರಿಪೇರಿಯವನ ಕೈಯಲ್ಲಿ ಬರ್ನರು ಊದಿಸಿ ಸರಿ ಮಾಡಿಸಿದ್ದಾಯಿತು. ನಡುವೆ ಮಾಸ್ತರರಿಗೆ ಪರೀಕ್ಷೆ ಕೆಲಸ, ಚಾಚಾನ ಜೀಪಿಗೆ ಗೇರ್‌ಬಾಕ್ಸ್ ಕೆಲಸ ಬಂದು ಎರಡು ತಿಂಗಳು ಹಾಗೇ ಹೋದವು. ನೋಡನೋಡುತ್ತ ಎಳ್ಳಮಾಸಿ ಬಂದೇಬಿಟ್ಟಿತು.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಪುಂಡಿ ಪಲ್ಯ, ಕಡುಬು, ಅಂಬಲಿ ಎಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ಹೊಲಕ್ಕೆ ಹೋಗಬೇಕು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ತೊಳೆದು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಬೇಕು. ಅದೇ ಅಡುಗೆಯನ್ನು ಚರಗವೆಂದು ಹೊಲದ ತುಂಬ ಚೆಲ್ಲಿ ಭೂಮಿತಾಯಿಗೆ ಉಣಿಸಬೇಕು. ಆಮೇಲೆ ನಾವು ಉಣ್ಣಬೇಕು. ನಾವು ಹೋಗುವುದು ಸುರಪುರದ ಹತ್ತಿರ, ನನ್ನ ಹೆಂಡತಿಯ ತವರಿನ ಹೊಲಕ್ಕೆ.

ಟ್ರ್ಯಾಕ್ಟರಿನಲ್ಲಿ ಬುಟ್ಟಿಗಳ ನಡುವೆ ಬಾರ್ಬೆಕ್ಯೂವನ್ನೂ ಏರಿಸಿದೆ. ಹೆಂಡತಿ ನೋಡಿದಳು. "ಮೂವತ್ತು ಮಂದಿಗಿ ಸಾಲುವಷ್ಟು ಅಡಗಿ ಬುಟ್ಯಾಗ ಅದ. ಅಲ್ಲಿ ಏನು ಸುಡ್ತೀರಿ?"

"ಬದನಿಕಾಯಿ. ಆಲೂಗಡ್ಡಿ. ಇವತ್ತಿಗಿ ಟೈಮ್ ಅದ ಅಲಾ?"

"ಹೊತ್ತು ಮುಳುಗೋ ತನಕ ಅದ," ಅಂದಳು. ದನಿಯಲ್ಲಿ ದ್ವೇಷ ಇರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹಿಂದಿನ ದಿನ ಕಾಲುವೆಯ ನೀರು ಬದು ದಾಟಿ ಹೊಲಕ್ಕೆ ನುಗ್ಗಿ ಬನ್ನಿ ಗಿಡದ ಬುಡವೆಲ್ಲ ಕೆಸರಾಗಿತ್ತು. ನಾನು ಗಿಡದ ಪಕ್ಕದಲ್ಲೇ ಬಾರ್ಬೆಕ್ಯೂವಿನ ನಾಲ್ಕು ಕಾಲು ಬಿಡಿಸಿ, ಅವುಗಳ ಕೆಳಗೆ ಚಪ್ಪಡಿ ಕಲ್ಲು ಕೊಟ್ಟು, ಅಲುಗದಂತೆ ನಿಲ್ಲಿಸಿದೆ. ಸಿಲಿಂಡರು ಜೋಡಿಸಿದೆ. ಮುಚ್ಚಳ ಹಾಕಿ, ಬದನೆಕಾಯಿ ತೊಳೆಯಲು ಕಾಲುವೆಗೆ ಹೋದೆ. ಅದು ನನ್ನ ಕೊನೆಯ ತಪ್ಪು.

ಅತ್ತ ಮಾವನವರು ಪಾಂಡವರನ್ನು ಕೂಡಿಸಲು ಒದ್ದಾಡುತ್ತಿದ್ದರು. ಧರ್ಮರಾಯನನ್ನು ಕೂಡಿಸಿದರೆ ಭೀಮ ಕೆಸರಲ್ಲಿ ಇಳಿಯುತ್ತಿದ್ದ. ಭೀಮನನ್ನು ಎತ್ತಿದರೆ ನಕುಲ ಸಹದೇವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಪಾಂಡವರು ಬೀಳುವುದು ಛಲೋದಲ್ಲವೆಂದು ಅತ್ತೆಯವರಿಗೆ ಕಣ್ಣಲ್ಲಿ ನೀರೇ ಬಂತಂತೆ. ಅಷ್ಟರಲ್ಲಿ ಪಕ್ಕದಲ್ಲಿ ನಾಲ್ಕು ಕಾಲಿನ, ಮಟ್ಟಸವಾದ, ಹೊಳೆಯುವ ಪೀಠ ಕಂಡಿತು.

ನಾನು ಒದ್ದೆ ಬದನೆಕಾಯಿ ಹಿಡಿದು ಬಂದಾಗ ಬಾರ್ಬೆಕ್ಯೂವಿನ ಮುಚ್ಚಳದ ಮೇಲೆ ಎಲೆ ಹಾಸಿ ಐದೂ ಮಂದಿ ನೆಟ್ಟಗೆ ಕೂತಿದ್ದರು. ಅರಿಶಿನ, ಕುಂಕುಮ, ಚೆಂಡು ಹೂವು. ಆರತಿ ಆಗಲೇ ನಡೆದಿತ್ತು. ಹೆಂಡತಿಯ ಅಜ್ಜಿಗೆ ವಯಸ್ಸು ಬಹಳ, ಕಣ್ಣು ಮಂದ. ಬಗ್ಗಿ ನೋಡಿ, ಸಿಲಿಂಡರಿಗೆ ಸುತ್ತಿಕೊಂಡ ಕಪ್ಪು ಪೈಪು ಕಂಡು ಎದೆಯ ಮೇಲೆ ಕೈ ಇಟ್ಟುಕೊಂಡಳು.

"ನಾಗಪ್ಪನೂ ಬಂದು ಕುಂತಾನಲ್ಲೇ! ಹಾಲು ತಾರವ್ವ!"

ಅದು ಗ್ಯಾಸಿನ ಪೈಪು ಎಂದು ಹೇಳಲು ಬಾಯಿ ತೆರೆದೆ. ಹೆಂಡತಿ ತೋಳು ಚಿವುಟಿದಳು. ಪೈಪಿಗೆ ಹಾಲು ಬಿತ್ತು, ರೆಗ್ಯುಲೇಟರಿಗೆ ಕುಂಕುಮ ಬಿತ್ತು. ನಾನೂ ಕೈ ಮುಗಿದೆ. ಇನ್ನೇನು ಮಾಡಲಿ?

ಚರಗ ಚೆಲ್ಲಿದರು. ಎಲ್ಲರೂ ಸಾಲಾಗಿ ಕೂತು ಉಂಡರು. ನಾನು ಕಡುಬು ಹಿಡಿದು ಬಾರ್ಬೆಕ್ಯೂ ಕಡೆಗೇ ನೋಡುತ್ತ ಕೂತೆ. ಮುಚ್ಚಳದ ಮೇಲೆ ಪಾಂಡವರು, ಮುಚ್ಚಳ ತೆರೆಯುವ ಹಾಗಿಲ್ಲ, ಹೊತ್ತು ಇಳಿಯುತ್ತಿದೆ. ನೀರಿನ ದಂಡೆ, ಚಾಚಾನ ಜೀಪು, ಮಾಸ್ತರರ ಓದು, ಎಲ್ಲ ಇವತ್ತಿಗೆ ಮುಗಿಯಿತು ಅನಿಸಿ ನಿಜವಾಗಿ ದುಃಖವಾಯಿತು. ಹೆಂಡತಿಗೇ ಹೇಳಿಬಿಟ್ಟೆ: "ನೀ ಗೆದ್ದಿ. ಗುಜರಿ ಗಾಡಿಗಿ ಹಾಕಿಬಿಡು."

ಅವಳು ಬಾರ್ಬೆಕ್ಯೂವಿಗೆ ಕೈ ಹಚ್ಚಲು ಹೋದದ್ದೇ ತಡ, ಅತ್ತೆಯವರು ಅಡ್ಡ ಬಂದರು.

"ಏ, ಏನ್ ಮಾಡಾಕತ್ತೀದಿ? ಪಾಂಡವರು ಕುಂತ ಗದ್ದಿಗಿ ಎತ್ತಾಕ ಬರ್ತದೇನು?"

"ಅವ್ವಾ, ಅದು ಒಲಿ."

"ಒಲಿ ಇತ್ತು. ಈಗ ಗದ್ದಿಗಿ. ಪ್ರತಿ ವರ್ಷ ಒಬ್ಬರಲ್ಲ ಒಬ್ಬರು ಬೀಳ್ತಿದ್ರು, ಈ ವರ್ಷ ಒಬ್ಬರೂ ಅಲಗಲಿಲ್ಲ. ಅಳಿಯಂದ್ರು ಎಷ್ಟು ವಿಚಾರ ಮಾಡಿ ತಂದಾರ!"

ಮೂವತ್ತು ಮಂದಿ ನನ್ನ ಕಡೆ ಅಭಿಮಾನದಿಂದ ನೋಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ನಾನು ವಿಚಾರ ಮಾಡಿದ್ದೇನೆಂದು ಯಾರೂ ಅಂದಿರಲಿಲ್ಲ. ನಾನು ತಲೆ ತಗ್ಗಿಸಿ, ಇರಲಿ ಇರಲಿ ಎನ್ನುವಂತೆ ಕೈ ಆಡಿಸಿದೆ.

ಮಾವನವರು ಒಂದು ತೊಡಕು ಎತ್ತಿದರು. ಕಬ್ಬಿಣದ ಗದ್ದುಗೆ, ಮಳೆ ಇಬ್ಬನಿಗೆ ತುಕ್ಕು ಹಿಡಿಯುತ್ತದೆ. ತಿಂಗಳಿಗೊಮ್ಮೆ, ಅಮಾವಾಸ್ಯೆಗೆ, ಒರೆಸಿ ಎಣ್ಣೆ ಹಚ್ಚಬೇಕು. ಯಾರು ಹಚ್ಚಬೇಕು? ತಂದವರೇ ಹಚ್ಚಬೇಕು, ಬೇರೆಯವರ ಕೈಯಾಡಬಾರದು ಎಂದು ಅಜ್ಜಿ ತೀರ್ಪು ಕೊಟ್ಟಳು. ಆ ಅಜ್ಜಿಯ ಮಾತು ಮೀರಿದವರು ಆ ಮನೆತನದಲ್ಲಿ ಯಾರೂ ಇಲ್ಲ, ನನ್ನ ಹೆಂಡತಿಯನ್ನೂ ಸೇರಿಸಿ.

ಹೋದ ತಿಂಗಳು ಅಮಾವಾಸ್ಯೆಯ ಮುಂಜಾನೆ ನನಗೆ ಮೈ ಭಾರವಾಗಿತ್ತು. ಚಾದರ ಹೊದ್ದು ಮಲಗಿ, ಈ ಸಲ ಬ್ಯಾಡ, ಮುಂದಿನ ತಿಂಗಳು ನೋಡೋಣ ಅಂದೆ. ಹೆಂಡತಿ ಚಾದರ ಎಳೆದು ಬಿಸಾಕಿದಳು. ರೊಟ್ಟಿ ಕಟ್ಟಿ ಆಗಿತ್ತು. ಚಾಚಾ ಜೀಪು ತಂದು ಹೊರಗೆ ಹಾರ್ನ್ ಹೊಡೆಯುತ್ತಿದ್ದರು, ಅವರಿಗೂ ಮಾಸ್ತರರಿಗೂ ಅವಳೇ ಫೋನ್ ಮಾಡಿದ್ದಳು. ಡೇರೆಯನ್ನು ತಾನೇ ಹೊತ್ತು ತಂದು ಜೀಪಿಗೆ ಹಾಕಿದಳು.

"ಏಳ್ರಿ, ನಡೀರಿ ಕ್ಯಾಂಪಿಂಗಿಗಿ! ಅವ್ವ ಎರಡು ಸಲ ಫೋನ್ ಮಾಡ್ಯಾಳ."

ಜೀಪು ಹೊರಟ ಮೇಲೂ ಅವಳ ದನಿ ಓಣಿಯ ತಿರುವಿನ ತನಕ ಕೇಳುತ್ತಿತ್ತು.

"ಎಣ್ಣಿ ಹಚ್ಚಿ ಬರ್ರಿ, ಬೆಂಕಿ ಹಚ್ಚಿ ಗಿಚ್ಚೀರಿ ಮತ್ತ!"